ಇಲ್ಲದ ಹಸುವಿಗೆ ಬಂದ ಕಾಯಿಲೆ

ನಮ್ಮ ದೊಡ್ಡಮ್ಮನ ಪ್ರಕಾರ ಮನುಷ್ಯರ ಮೈಯೆಂದರೆ ಮೊಳೆ ಹೊಡೆದು ಸಾಮಾನು ತೂಗುಹಾಕಿದ ಗೋಡೆ. ಯಾವ ಮೊಳೆ ಯಾವಾಗ ಸಡಿಲಗೊಂಡೀತು, ಯಾವ ಸಾಮಾನು ಯಾವಾಗ ಕಳಚಿ ಬಿದ್ದೀತು, ಬಲ್ಲವರಾರು! ಹೊಟ್ಟೆನೋವು, ಕೆಮ್ಮು, ನಿದ್ದೆಗೇಡು, ಹೊಸ ಸೊಸೆಯ ಮುನಿಸು, ಹೈಸ್ಕೂಲಿನವರು ಗಣಿತದಲ್ಲಿ ನಪಾಸಾಗುವುದು, ಎಲ್ಲಕ್ಕೂ ಆಕೆ ಕಂಡುಕೊಂಡಿದ್ದ ಮೂಲಕಾರಣ ಒಂದೇ: ಒಳಗಿನದು ಯಾವುದೋ ತನ್ನ ಜಾಗ ಬಿಟ್ಟು ಜಾರಿದೆ. ವೈದ್ಯಕೀಯ ಕಾಲೇಜುಗಳು ವರ್ಷಗಟ್ಟಲೆ ಬೋಧಿಸುವ ಶಾಸ್ತ್ರವನ್ನು ಒಂದೇ ಕ್ರಿಯಾಪದದೊಳಗೆ ಅಡಗಿಸಿದ ಪ್ರತಿಭೆಗೆ ಯಾವ ಪದವಿ ಕೊಟ್ಟರೆ ತಾನೇ ಸಾಕಾದೀತು?

“ಮ್ಯಾಲಿರದು ಕೆಳಕ್ಕೆ ಬರ್ದೆ ಇದ್ದದ ಕಣಮ್ಮಿ?” ಎಂದು ನನ್ನನ್ನೇ ಕೇಳುತ್ತಿದ್ದಳು. “ಕಲ್ಲಂಗಿರೊ ತೆಂಗಿನಕಾಯೇ ಬೀಳ್ತದ. ಇನ್ನು ಮೆತ್ತಗಿರೊ ಕರುಳು ಯಾವ ಲೆಕ್ಕ!”

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲವೆಂಬ ನಮ್ಮ ಸೀಮೆಯ ಪ್ರಸಿದ್ಧ ನಂಬಿಕೆಗೂ ಆಕೆಯ ಬಳಿ ವೈದ್ಯಕೀಯ ವಿವರಣೆಯಿತ್ತು. “ಇಲ್ಲಿಗಂಟ ಕಾರಲ್ಲಿ ಕುಲುಕಾಡ್ಕಂಡು ಬತ್ತರಲ್ಲ, ಒಕ್ಕಳು ಜಾರ್ತದ. ಒಕ್ಕಳು ಜಾರ್ದೋರು ಕುರ್ಚಿ ಮ್ಯಾಲೆ ನೆಟ್ಟಗೆ ಕೂತ್ಕಂಡರಾ?” ನಮ್ಮ ರಸ್ತೆಗಳ ಬಗ್ಗೆ ಇಷ್ಟು ಸೂಕ್ಷ್ಮವಾದ ಟೀಕೆಯನ್ನು ನಾನು ಯಾವ ಪತ್ರಿಕೆಯ ಸಂಪಾದಕೀಯದಲ್ಲೂ ಓದಿಲ್ಲ.

ಆಕೆ ನನ್ನ ತಾಯಿಯ ಅಕ್ಕ. ಮನೆ ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಗೆ ಬೆನ್ನು ಹಾಕಿ ನಿಂತ ಒಂದು ಬೀದಿಯಲ್ಲಿ. ಚಾಮರಾಜನಗರದಲ್ಲಿ ಬೆಳೆದ ನಾನು ರಜೆ ಬಂದೊಡನೆ ಅಲ್ಲಿಗೆ ಓಡುತ್ತಿದ್ದೆ, ಮೈಸೂರಿನಲ್ಲಿ ಎಂ.ಎ. ಓದುವ ಕಾಲಕ್ಕೂ ಆ ಚಾಳಿ ಬಿಟ್ಟಿರಲಿಲ್ಲ. ಮನೆಯ ಜಗಲಿಯೇ ದೊಡ್ಡಮ್ಮನ ಆಸ್ಪತ್ರೆ. ರೋಗಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಅಂಗಾತ ಮಲಗಬೇಕು. ಆಕೆ ಮೊದಲು ಕಾಲಿನ ಹೆಬ್ಬೆರಳೆರಡನ್ನೂ ಜೋಡಿಸಿ ನೋಡುವಳು. ಒಂದು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡರೆ ರೋಗ ಸಾಬೀತು. (ಯಾರ ಹೆಬ್ಬೆರಳು ತಾನೇ ಸಮವಾಗಿರುತ್ತವೆ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.) ಆಮೇಲೆ ಹೊಕ್ಕಳ ಸುತ್ತ ಬೆರಳೊತ್ತಿ ಮಿಡಿತವೆಲ್ಲಿದೆಯೆಂದು ಹುಡುಕಾಟ. ಕೊನೆಗೆ ಹೊಕ್ಕಳ ಮೇಲೊಂದು ವೀಳ್ಯದೆಲೆ, ಎಲೆಯ ಮೇಲೆ ಪುಟ್ಟ ಹಣತೆ, ಉರಿಯುವ ಹಣತೆಯ ಮೇಲೆ ಬೋರಲು ಹಾಕಿದ ಹಿತ್ತಾಳೆ ಚೊಂಬು! ಒಳಗೆ ದೀಪ ಆರುತ್ತಲೇ ಚೊಂಬು ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆಳೆದಾಗ ‘ಪಟ್’ ಎಂಬ ಸದ್ದಾಗುತ್ತಿತ್ತು, ರೋಗಿ ‘ಅವ್ವಾ’ ಎನ್ನುತ್ತಿದ್ದ, ಹೊಕ್ಕಳು ಸ್ವಸ್ಥಾನ ಸೇರಿತೆಂಬ ಘೋಷಣೆ ಹೊರಡುತ್ತಿತ್ತು.

ಕೇರಳಕ್ಕೆ ತರಕಾರಿ ಹೊತ್ತೊಯ್ಯುವ ಲಾರಿಗಳು ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲುತ್ತಿದ್ದ ಕಾಲವದು. ಒಮ್ಮೆ ದಢೂತಿ ಡ್ರೈವರೊಬ್ಬ ಹೊಟ್ಟೆ ಹಿಡಿದುಕೊಂಡು ಬಂದ. “ಚೇಚಿ, ವಯರು...” ಎಂದನಷ್ಟೆ. ಚೇಚಿಗೆ ಮಲಯಾಳ ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತಿತ್ತು. ಹಣತೆ ಬಂತು, ಚೊಂಬು ಬಂತು, ದೀಪ ಆರಿತು. ಆದರೆ ಅಷ್ಟು ಸಮೃದ್ಧವಾದ ಹೊಟ್ಟೆಯನ್ನು ಚೊಂಬು ಅದುವರೆಗೆ ಕಂಡಿರಲಿಲ್ಲವೋ ಏನೋ, ಕಚ್ಚಿದ್ದು ಬಿಡಲೇ ಇಲ್ಲ! ದೊಡ್ಡಮ್ಮ ಎಳೆದಳು. ದೊಡ್ಡಪ್ಪ ಬಂದು ಎಳೆದರು. ಎದುರುಮನೆಯವರು ಆತನ ಕಾಲು ಹಿಡಿದುಕೊಂಡರು. ಆತ ಘಟ್ಟದ ಆಚೆಯ ಎಲ್ಲ ದೇವರನ್ನೂ ಕೂಗಿ ಮುಗಿಸಿ ಕನ್ನಡದ ದೇವರಿಗೆ ಬರುವ ಹೊತ್ತಿಗೆ ಚೊಂಬು ಬಿಟ್ಟಿತು. ಹೊಟ್ಟೆಯ ಮೇಲೆ ಹುಣ್ಣಿಮೆಯ ಚಂದ್ರನಷ್ಟು ದುಂಡನೆಯ ಕೆಂಪು ಬಳೆಯೊಂದು ಮೂಡಿತ್ತು. ಹೊಟ್ಟೆನೋವು ವಾಸಿಯಾಯಿತೇ? ತಿಳಿಯದು. ಬಹುಕಾಲದವರೆಗೆ ವಯನಾಡಿನ ಲಾರಿಗಳು ನಮ್ಮ ತಿರುವಿಗೆ ಬಂದೊಡನೆ ವೇಗ ಹೆಚ್ಚಿಸುತ್ತಿದ್ದವೆಂಬುದು ಮಾತ್ರ ಸತ್ಯ.

ಕೆಮ್ಮಿನ ಚಿಕಿತ್ಸೆಯೇ ಬೇರೆ. ಕೆಮ್ಮಿಗೆ ಕಾರಣ ಕಿರುನಾಲಿಗೆ ಜಾರಿರುವುದು; ನೆತ್ತಿಯ ಕೂದಲನ್ನು ಬೆರಳಿಗೆ ಸುತ್ತಿ ‘ಟಕ್’ ಎನಿಸಿದರೆ ಅದು ಮೇಲೇರಬೇಕು. ಕುದೇರಿನಿಂದ ಆಕೆಯ ತೌರಿನ ಕಡೆಯ ನಿವೃತ್ತ ಮೇಷ್ಟರೊಬ್ಬರು ಬಂದರು. ತಿಂಗಳ ಕೆಮ್ಮು. ತಲೆಯ ವಸ್ತ್ರ ತೆಗೆದರೆ ನೆತ್ತಿ ಬೋಳು, ಹೊಳೆಯುವ ತಾಮ್ರದ ತಪ್ಪಲೆ!

“ಇದೇನ್ ಮೇಷ್ಟ್ರೆ, ಹಗ್ಗಾನೇ ಇಲ್ದೆ ಬಾವಿತಾವ್ಕೆ ಬಂದಿದ್ದರಿ?”

“ಏನಾದ್ರೂ ಮಾಡವ್ವ” ಎಂದರು ಮೇಷ್ಟರು ಕೆಮ್ಮುತ್ತಲೇ.

ದೊಡ್ಡಮ್ಮ ಅವರ ಮುಖವನ್ನು ದಿಟ್ಟಿಸಿದಳು. ಅಲ್ಲಿದ್ದದ್ದು ಗಿರಿಜಾ ಮೀಸೆ. ಮುಂದಿನದನ್ನು ನಾನು ವರ್ಣಿಸಲಾರೆ. ಕೆಮ್ಮು ಅಲ್ಲಿಗೇ ನಿಂತಿತು, ಅಥವಾ ಕೆಮ್ಮಲು ಮೇಷ್ಟರು ಧೈರ್ಯ ಮಾಡಲಿಲ್ಲ. ಮೀಸೆಯ ಎಡಭಾಗ ಬಲಭಾಗಕ್ಕಿಂತ ತುಸು ಇಳಿದೇ ಹೋಯಿತು.

ಇಂಥ ದೊಡ್ಡಮ್ಮನ ಇನ್ನೊಂದು ವಿಚಿತ್ರವೆಂದರೆ ಮಧ್ಯಾಹ್ನದ ಶಯನ. ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಗೋಡೆಗೆ ಒತ್ತಿಕೊಂಡು ಮಲಗಿ, ಎರಡೂ ಪಾದವನ್ನು ಗೋಡೆಗೆ ಊರಿ ಕಾಲನ್ನು ಮೇಲಕ್ಕೆ ಏರಿಸುವಳು! ಪಾದದ ಅರಿಶಿನ ಸುಣ್ಣದ ಗೋಡೆಗೆ ಹತ್ತಿ, ನೆಲದಿಂದ ಮೊಳದೆತ್ತರದಲ್ಲಿ ಯಾರೋ ಗೋಡೆ ಹತ್ತಿ ಹೋದಂತೆ ಹೆಜ್ಜೆಗಳ ಸಾಲು. ಪ್ರತಿ ಯುಗಾದಿಗೂ ದೊಡ್ಡಪ್ಪ ಸುಣ್ಣ ಬಳಿಯುವರು, ಮರುದಿನವೇ ಹೆಜ್ಜೆ ಮೂಡುವುವು. “ಎಲ್ರ ಮನೇಲು ಲಕ್ಷ್ಮಿ ಒಸ್ಲು ದಾಟಿ ಬತ್ತಳ, ನಮ್ಮನೇಲಿ ಗ್ವಾಡೆ ಅತ್ತಿ ಓಯ್ತಳ ಕಣವ್ವ” ಎಂದು ದೊಡ್ಡಪ್ಪ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಕಾರಣ ಕೇಳಿದರೆ ದೊಡ್ಡಮ್ಮನ ಉತ್ತರ ಸಿದ್ಧ: “ರಕ್ತ ಒಸಿ ತಲೆಗೆ ಓಗ್ಲಿ ಅಂತ. ನಿಂಗೂ ಬೇಕು ಅದು, ಎಂಎ ಮಾಡ್ತಾ ಇದ್ದಯ್ಯಲ್ಲ.”

ಇಷ್ಟರಲ್ಲಿ ನಮ್ಮ ಚಿಕ್ಕಪ್ಪನಿಗೆ ಎದೆ ಡವಗುಟ್ಟತೊಡಗಿತು. ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಹೃದಯದ ಕವಾಟವೊಂದು ಲೇಶಮಾತ್ರ ಹಿಂದಕ್ಕೆ ವಾಲುತ್ತಿದೆ, ಗಾಬರಿಯೇನಿಲ್ಲ, ಕಾಫಿ ಕಡಿಮೆ ಮಾಡಿ ಎಂದು ಕಳುಹಿಸಿದ್ದರಂತೆ. ಆದರೆ ಅದಕ್ಕೆ ಡಾಕ್ಟರು ಹೇಳಿದ ಹೆಸರಿತ್ತಲ್ಲ, ‘ಪ್ರೊಲ್ಯಾಪ್ಸ್’, ಅದನ್ನು ಚಿಕ್ಕಪ್ಪ ಊರಿಗೆ ಬಿರುದಿನಂತೆ ಹೊತ್ತು ತಂದರು! ಬಸ್ಸಿನಲ್ಲಿ ಹೇಳಿದರು, ಕಚೇರಿಯಲ್ಲಿ ಹೇಳಿದರು, ಮದುವೆಮನೆಯಲ್ಲಿ ಬೀಗರ ಸಾಲಿನ ನಡುವೆ ಕುಳಿತು ಎದೆಯ ಮೇಲೆ ಕೈಯಿಟ್ಟು ಹೇಳಿದರು. ‘ಪ್ರೊಲ್ಯಾಪ್ಸ್ ಇದೆಯಲ್ಲ’ ಎಂದು ಮಾರ್ಕೆಟ್ಟಿನಿಂದ ಚೀಲ ಹೊರುವುದನ್ನು ಬಿಟ್ಟರು, ರೇಷನ್ನಿನ ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟರು. ಚಿಕ್ಕಮ್ಮ ಅವೆರಡನ್ನೂ ಎತ್ತಿಕೊಂಡರು.

ದೊಡ್ಡಮ್ಮ ಮಾತ್ರ ವಿಜಯೋತ್ಸವದಲ್ಲಿದ್ದಳು. “ಆ ಪ್ರೊಲಾಪ್ಸು ಅಂದ್ರ ಏನಮ್ಮಿ?”

ನಾನು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ದಪ್ಪ ನಿಘಂಟು ತೆರೆದು ನೋಡಿ ಬಂದಿದ್ದೆ. “ಲ್ಯಾಟಿನ್ ಪದ ದೊಡ್ಡಮ್ಮ. ಅಂಗ ಜಾಗ ಬಿಟ್ಟು ಜಾರುವುದು ಅಂತ ಅರ್ಥ.”

“ಅಷ್ಟೇಯ?” ಎಂದಳು. “ಇದ ಯೋಳಕ್ಕೆ ಮೈಸೂರ್ಗಂಟ ಓಗ್ಬೇಕಿತ್ತ ಅವ್ನು?”

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವಳು ಗೋಡೆಯ ಕಡೆ ತಿರುಗಿ, ಬೇರೆ ದನಿಯಲ್ಲಿ ಕೇಳಿದಳು: “ಎದೆಗೊಂದೇ ಬಂದದಾ, ಬ್ಯಾರೆ ಕಡೀಕೂ ಬಂದದಾ?”

“ಬರುತ್ತೆ. ಕರುಳಿಗೆ ಬರುತ್ತೆ, ಗರ್ಭಕೋಶಕ್ಕೂ ಬರುತ್ತೆ.”

“ಅದ್ಕೂ ಅದೇ ಹೆಸ್ರಾ?”

“ಅದೇ ಹೆಸರು.”

“ಉಂ” ಎಂದಳು. ಆ ‘ಉಂ’ ನನಗೆ ಆಗ ಅರ್ಥವಾಗಲಿಲ್ಲ.

ಇಲ್ಲಿ ನಾನು ಕನ್ನಡದ ಪಾರಿಭಾಷಿಕ ಪದಗಳನ್ನು ತಯಾರಿಸಿದ ಮಹನೀಯರನ್ನು ಒಂದು ನಿಮಿಷ ಕಟಕಟೆಗೆ ಕರೆಯಬೇಕಾಗಿದೆ. ಆ ನಿಘಂಟಿನ ಪಕ್ಕದಲ್ಲೇ ಕನ್ನಡದ ವೈದ್ಯಕೀಯ ಪದಕೋಶವೂ ಇತ್ತು. ಅದರಲ್ಲಿ ಇದೇ ಕಾಯಿಲೆಗೆ ಕೊಟ್ಟ ಹೆಸರು ‘ಗರ್ಭಾಶಯ ಭ್ರಂಶ’. ಸ್ವಾಮಿ, ನೀವು ಕನ್ನಡದಲ್ಲಿ ‘ಭ್ರಂಶ’ವನ್ನು ಇನ್ನೆಲ್ಲಿ ಬಳಸುತ್ತೀರಿ? ಮತಿ ಕೆಟ್ಟರೆ ಮತಿಭ್ರಂಶ. ಕೆಳಗಿಳಿದವರು, ಕೆಟ್ಟವರು, ಭ್ರಷ್ಟರು, ಎಲ್ಲರೂ ಇದೇ ವಂಶದವರು! ಹೊತ್ತು, ಹೆತ್ತು, ಬಾಣಂತನ ಮುಗಿಯುವ ಮೊದಲೇ ನೀರು ಹೊತ್ತು ದಣಿದ ಒಂದು ಅಂಗಕ್ಕೆ ನೀವು ಕೊಟ್ಟ ಮರ್ಯಾದೆ ಇದೆಯೇ? ತೆರಕಣಾಂಬಿಯ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ‘ಡಾಕ್ಟರೇ, ನನಗೆ ಗರ್ಭಾಶಯ ಭ್ರಂಶವಾಗಿದೆ’ ಎಂದು ನಿವೇದಿಸಿಕೊಳ್ಳಬೇಕೆಂದು ನಿಮ್ಮ ನಿರೀಕ್ಷೆಯೇ? ಗಂಡಸಿನ ಎದೆಯಲ್ಲಿ ಜಾರಿದರೆ ಬೀಗರೂಟದ ಪಂಕ್ತಿಯಲ್ಲಿ ಹೇಳಿಕೊಳ್ಳುವ ಮಾತು, ಹೆಂಗಸಿನ ಮಡಿಲಲ್ಲಿ ಜಾರಿದರೆ ಹೆತ್ತ ಮಗಳಿಗೂ ಹೇಳಲಾಗದ ಮಾತು. ಒಂದೇ ಲ್ಯಾಟಿನ್ ಪದ, ಎರಡು ನಾಲಿಗೆ. ಯಾರು ಉತ್ತರ ಕೊಡುತ್ತೀರಿ?

ಅವರು ಉತ್ತರ ಯೋಚಿಸುತ್ತಿರಲಿ. ನಾವು ಹಸುವಿನ ವಿಚಾರಕ್ಕೆ ಬರೋಣ.

ಎಂ.ಎ. ಮುಗಿಸಿ ಗುಂಡ್ಲುಪೇಟೆಗೆ ಬಂದು ಕೂತಿದ್ದೆ. ಚಾಮರಾಜನಗರ ಜಿಲ್ಲೆಯಾದ ಹೊಸತು. ಎಲ್ಲೆಡೆ ಹೊಸ ಬೋರ್ಡು, ಹೊಸ ಅಧಿಕಾರಿಗಳು. ನಮ್ಮೂರಿನ ಪಶು ಆಸ್ಪತ್ರೆಗೂ ಆಗತಾನೇ ಓದು ಮುಗಿಸಿದ ಹೊಸ ಡಾಕ್ಟರೊಬ್ಬರು ಬಂದಿದ್ದರು. ಒಂದು ಬೆಳಗ್ಗೆ ಅವರು ಸ್ಕೂಟರನ್ನು ನಮ್ಮ ಜಗಲಿಯೆದುರು ನಿಲ್ಲಿಸಿ, ಚರ್ಮದ ಚೀಲ ಹಿಡಿದು, ಉದ್ವೇಗದಿಂದ ಕೇಳಿದರು:

“ಐವತ್ತು ವರ್ಷ ದಾಟಿದ ಹಸು ಇರೋ ಮನೆ ಇದೇ ಅಲ್ವಾ?”

ನಾನು ಅವರನ್ನೇ ನೋಡಿದೆ. ನಮ್ಮ ಮನೆಯಲ್ಲಿ ಹಸುವಿರಲಿಲ್ಲ. ಕಡೆಯ ಹಸು ಹೋಗಿ ವರ್ಷಗಳಾಗಿ, ಕೊಟ್ಟಿಗೆಯಲ್ಲಿ ಸೌದೆ ತುಂಬಿತ್ತು.

“ನಿನ್ನೆ ಒಬ್ಬ ಅಮ್ಮ ಆಸ್ಪತ್ರೆಗೆ ಬಂದಿದ್ರು, ಈ ಮನೆ ಗುರುತು ಹೇಳಿದ್ರು” ಎಂದು ಅವರು ವಿವರಿಸಿದರು. “ಹಸುವಿನ ಮೈ, ಅಂದ್ರೆ ಗರ್ಭಕೋಶ, ಹೊರಗೆ ಬರ್ತಿದೆಯಂತೆ. ಮಲಗಿದರೆ ಒಳಗೆ ಹೋಗುತ್ತೆ, ಎದ್ದು ಕೆಮ್ಮಿದರೆ ಮತ್ತೆ ಬರುತ್ತೆ ಅಂದ್ರು. ಎಷ್ಟು ಕರು ಹಾಕಿದೆ ಅಂದೆ, ಐದು ಅಂದ್ರು. ವಯಸ್ಸು ಕೇಳಿದೆ, ಐವತ್ತು ದಾಟದ ಅಂದ್ರು! ಏನು ತಿನ್ನಿಸ್ತೀರಿ ಅಂದ್ರೆ ಮುದ್ದೆ, ಉಪ್ಸಾರು ಅಂದ್ರು. ವಯಸ್ಸು ಒಂದಿಷ್ಟು ಹೆಚ್ಚುಕಮ್ಮಿ ಹೇಳಿರಬಹುದು. ಆದ್ರೂ ನೋಡಿ, ಅದರಲ್ಲಿ ಅರ್ಧ ನಿಜವಾದ್ರೂ ದಾಖಲೆ! ಇಲಾಖೆಗೆ ಬರೀಬೇಕು, ಫೋಟೋ ತೆಗೀಬೇಕು. ಎಲ್ಲಿ ಹಸು?”

ನಾನು ಒಳಗೆ ತಿರುಗುವಷ್ಟರಲ್ಲಿ ಹಿತ್ತಿಲ ಬಾಗಿಲು ಕಿರ್ ಎಂದಿತು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಮನೆಯ ಪಕ್ಕದ ಓಣಿಯಿಂದ ಪ್ರತ್ಯಕ್ಷಳಾದಳು. ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ, ಬರಲೊಲ್ಲೆನೆಂದು ನಾಲ್ಕೂ ಕಾಲೂರಿ ಹಿಂದಕ್ಕೆ ಜಗ್ಗುತ್ತಿದ್ದ ಪಕ್ಕದ ಮನೆಯ ಚಿಕ್ಕತಾಯಮ್ಮನ ಕಡಸು!

“ಇದೇ ಸ್ವಾಮಿ ಹಸ” ಎಂದಳು ಏದುಸಿರು ಬಿಡುತ್ತ.

ಡಾಕ್ಟರು ಕಡಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಯಿ ಬಿಡಿಸಿ ಹಲ್ಲು ನೋಡಿದರು. ಹಿಂದೆ ಹೋಗಿ ಬಾಲ ಎತ್ತಿ ನೋಡಿದರು. ಕಡಸು ಈ ಅವಮಾನವನ್ನು ಸಹಿಸದೆ ಒಂದು ಒದೆ ಕೊಟ್ಟಿತು.

“ಅಮ್ಮಾ, ಇದಿನ್ನೂ ಒಂದು ಕರುನೂ ಹಾಕಿಲ್ಲವಲ್ಲ! ಐದು ಎಲ್ಲಿಂದ ಬಂತು?”

ಅಷ್ಟು ಹೊತ್ತಿಗೆ ಚಿಕ್ಕತಾಯಮ್ಮ ಬೇಲಿಯಾಚೆಯಿಂದ ಕೂಗು ಹಾಕಿದರು. “ಅಕ್ಕೋ! ನಮ್ ಕಡ್ಸ ಯಾಕ ಎಳ್ಕೊಂಡೋದ? ಡಾಕ್ಟ್ರು ಯಾಕ ಬಾಲ ಎತ್ತವ್ರ? ಅದ್ಕೇನಾಗದ?”

“ಸುಮ್ಕಿರು, ಅದ್ಕೇನೂ ಆಗಿಲ್ಲ!” ಎಂದಳು ದೊಡ್ಡಮ್ಮ. ಆಮೇಲೆ ದನಿಯಿಳಿಸಿ, ನೆಲ ನೋಡುತ್ತ, “ಸ್ವಾಮಿ, ಹಸ ಮೇಯಕ್ಕೆ ಓಗದ. ನೀವು ಔಸ್ದಿ ಯೋಳ್ಬುಡಿ, ಸಾಕು” ಎಂದಳು.

ಡಾಕ್ಟರು ಆಕೆಯ ಮುಖ ನೋಡಿದರು. ಆಕೆ ಎಡಗೈಯಿಂದ ಕೆಳಹೊಟ್ಟೆಯನ್ನು ಒತ್ತಿ ಹಿಡಿದಿದ್ದಳು. ಕಡಸನ್ನು ಎಳೆದುಕೊಂಡು ಬಂದ ಆಯಾಸಕ್ಕೆ ಹಣೆಯಲ್ಲಿ ಬೆವರು. ಅವರ ಮುಖದಿಂದ ದಾಖಲೆ, ಫೋಟೋ, ಇಲಾಖೆ ಎಲ್ಲವೂ ಒಂದೊಂದಾಗಿ ಇಳಿದು ಹೋದದ್ದನ್ನು ನಾನು ಕಂಡೆ. ನನ್ನೊಳಗೂ ಆ ಕ್ಷಣಕ್ಕೆ ಎಲ್ಲ ಒಟ್ಟಿಗೆ ಬಂದು ಬಿತ್ತು: ಗೋಡೆಯ ಮೇಲಿನ ಅರಿಶಿನದ ಹೆಜ್ಜೆಗಳು, ಅಂದು ಕೇಳಿದ ಪ್ರಶ್ನೆ, ಆ ‘ಉಂ’.

ಡಾಕ್ಟರು ಚೀಲ ಮುಚ್ಚಿದರು. ದೊಡ್ಡಮ್ಮನನ್ನು ನೋಡದೆ, ಕಡಸಿನ ಕುತ್ತಿಗೆ ಸವರುತ್ತ ಹೇಳಿದರು: “ಅಮ್ಮ, ಆ ಹಸುಗೆ ನನ್ನ ಹತ್ರ ಔಷಧಿ ಇಲ್ಲ. ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಲೇಡಿ ಡಾಕ್ಟ್ರಿದ್ದಾರೆ. ಅಲ್ಲಿಗೆ ಕರ್ಕೊಂಡು ಹೋಗಿ. ಬೇಗ. ಬಿಟ್ಟರೆ ಹುಣ್ಣಾಗುತ್ತೆ, ಕೀವಾಗುತ್ತೆ, ಜೀವಕ್ಕೇ ಕಷ್ಟ.”

“ಹಸನ ಬಸ್ಸಲ್ಲಿ ಅತ್ತಿಸ್ಕಂಡರಾ ಸ್ವಾಮಿ?” ದೊಡ್ಡಮ್ಮನ ದನಿ ಕೇಳಿಸಿಯೂ ಕೇಳಿಸದಂತಿತ್ತು.

“ಟಿಕೆಟ್ ತಗೊಂಡ್ರೆ ಯಾರನ್ನಾದ್ರೂ ಹತ್ತಿಸ್ಕೋತಾರೆ. ಕೂರೋಕೆ ಸೀಟು ಕೇಳಿ” ಎಂದು ಅವರು ಸ್ಕೂಟರು ಒದ್ದು ಹೊರಟೇ ಹೋದರು.

ಒಳಗೆ ಬಂದು ಬಾಗಿಲು ಹಾಕಿದೆ. “ಎಷ್ಟು ದಿನದಿಂದ ದೊಡ್ಡಮ್ಮ?”

“ನಮ್ ಕಿರಿಮಗ್ಳು ಉಟ್ಟಿದಾಗಿಂದ.”

ಆ ಕಿರಿಮಗಳು ನನ್ನ ಓರಗೆಯವಳು, ಪುಣಜನೂರಿಗೆ ಮದುವೆಯಾಗಿ ಹೋಗಿ ಆಕೆಗೂ ಮಗುವಾಗಿತ್ತು. ನನ್ನಷ್ಟೇ ವಯಸ್ಸಿನ ಕಾಯಿಲೆ! ಹಳೆ ಸೀರೆಯ ಬಟ್ಟೆಯನ್ನು ಬಿಗಿದು ಕಟ್ಟಿಕೊಂಡು, ಅದರ ಮೇಲೆ ಸಂಸಾರ ಕಟ್ಟಿಕೊಂಡು, ಬೀದಿಗೆಲ್ಲ ಹೊಕ್ಕಳು ಕೂರಿಸುತ್ತ ಬದುಕಿದ್ದಾಳೆ.

“ಮತ್ತೆ ನಿನ್ನ ಚೊಂಬು?” ನನಗೆ ಸಿಟ್ಟು ಬಂದಿತ್ತು. “ಊರಿಗೆಲ್ಲ ವೈದ್ಯೆ ನೀನು!”

“ಚೊಂಬಲ್ಲೇನಮ್ಮಿ ಅದ, ಮಣ್ಣು” ಎಂದಳು ಶಾಂತವಾಗಿ. “ಒಟ್ಟೆನೋವು ತಾನಾಗೆ ಬತ್ತದ, ತಾನಾಗೆ ಓಯ್ತದ.”

ಗೊತ್ತಿತ್ತೇ ಇವಳಿಗೆ?

“ಹಂಗಾದ್ರೆ ಯಾಕೆ ಮಾಡ್ತಿದ್ದೆ?”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಬತ್ತಾರಲ್ಲ, ಜಗಲೀಲಿ ಕೂತ್ಕಂಡು, ಬೀದಿಗೆಲ್ಲ ಕೇಳಂಗೆ, ನಂಗೆ ಜಾರದ ಕಣವ್ವ, ನಂಗೆ ಜಾರದ ಕಣವ್ವ ಅಂತರ. ಒಬ್ರಿಗೂ ನಾಚ್ಕ ಇಲ್ಲ. ಅದ ಕೇಳ್ತಿದ್ರೆ ನಂಗೂ ಒಸಿ ಅಗೂರಾಯ್ತ ಇತ್ತು.”

ದೊಡ್ಡಪ್ಪನಿಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಹೇಳಿದರೆ ಆಸ್ಪತ್ರೆಗೆ ಬರುವುದಿಲ್ಲವೆಂದಳು. ಹೇಳದಿದ್ದರೆ ಆಪರೇಷನ್ನಿಗೆ ಒಪ್ಪಿಗೆ ಕೊಡುವವರಾರು? ಹೀಗೆ ಹಗ್ಗಜಗ್ಗಾಟದಲ್ಲಿ ವಾರ ಉರುಳಿತು. ಒಂದು ಬೆಳಗ್ಗೆ ಆಕೆ ಬಚ್ಚಲಿನಲ್ಲಿ ಗೋಡೆ ಹಿಡಿದುಕೊಂಡು ನಿಂತದ್ದನ್ನು ನೋಡಿದೆ. ಕೆಳಗೆ ಬಿದ್ದಿದ್ದ ಬಟ್ಟೆಯಲ್ಲಿ ರಕ್ತವಿತ್ತು. ಆಣೆಯನ್ನು ಮುರಿದೆ.

ದೊಡ್ಡಪ್ಪ ಹಿತ್ತಿಲಲ್ಲಿ ಕುಡುಗೋಲು ಮಸೆಯುತ್ತಿದ್ದರು. ನಾನು ವಿಶ್ವವಿದ್ಯಾನಿಲಯದಲ್ಲಿ ಕಲಿತ ಎಲ್ಲ ಸಿಟ್ಟನ್ನೂ ಅಲ್ಲಿಯೇ ಸುರಿದೆ. ಹಿಂದೊಮ್ಮೆ ಮನೆಯ ಹಸು ಕರು ಹಾಕಿ ಮೈಯೆಲ್ಲ ಹೊರಗೆ ಬಂದಾಗ ಅವರು ಚಪ್ಪಲಿ ಮೆಟ್ಟದೆ ಪಶು ಆಸ್ಪತ್ರೆಗೆ ಓಡಿದ್ದು, ಡಾಕ್ಟರು ಬರುವವರೆಗೆ ತಮ್ಮದೇ ಪಂಚೆಯನ್ನು ನೆನೆಸಿ ಆಸರೆ ಹಿಡಿದು ನಿಂತದ್ದು ಮನೆತನದ ಹೆಮ್ಮೆಯ ಕಥೆಯಾಗಿತ್ತು. “ಹಸುಗಾದ್ರೆ ಓಡ್ತೀಯ ದೊಡ್ಡಪ್ಪ! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಹೆಂಡತಿ ಗೋಡೆ ಹತ್ತಿ ಮಲಗಿದ್ರೆ ಲಕ್ಷ್ಮಿ ಅಂತ ತಮಾಷೆ ಮಾಡ್ತೀಯ. ಹೇಳು, ಯಾಕೆ ಕೇಳಲಿಲ್ಲ ನೀನು?”

ಕುಡುಗೋಲು ಕಲ್ಲಿನ ಮೇಲೆ ನಿಂತಿತು.

“ಹಸ ಕೂಗ್ತು ಕಣವ್ವ” ಎಂದರು ದೊಡ್ಡಪ್ಪ. “ಇವ್ಳು ಕೂಗ್ನಿಲ್ಲ.”

ಉತ್ತರ ಸಾಲದು. ಅಂದೂ ಸಾಲದೆನ್ನಿಸಿತ್ತು, ಇಂದೂ ಸಾಲದು. ಕೂಗದವರ ನೋವನ್ನು ಕೇಳಿ ತಿಳಿಯುವುದು ಯಾರ ಹೊಣೆ? ಆದರೆ ಅವರು ಆ ಮಾತಿಗೇ ಎದ್ದು, ಕೈ ತೊಳೆದು, ಒಗೆದ ಅಂಗಿ ತೊಟ್ಟು, ಚಾಮರಾಜನಗರದ ಬಸ್ಸಿಗೆ ನಮಗಿಂತ ಮೊದಲು ಹೋಗಿ ನಿಂತಿದ್ದರು. ಸೀಟು ಹಿಡಿದಿದ್ದರು. ಕಿಟಕಿ ಪಕ್ಕದ್ದು.

ಆಸ್ಪತ್ರೆಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಹೊರಬಂದವರೇ ನಮ್ಮಿಬ್ಬರ ಮೇಲೂ ಹರಿಹಾಯ್ದರು. “ಇಷ್ಟು ವರ್ಷ ಏನು ಮಾಡ್ತಿದ್ರಿ? ಓದಿದವಳ ಹಾಗೆ ಕಾಣ್ತೀಯ, ಬುದ್ಧಿ ಬೇಡ್ವಾ?”

ನಾನು ಬಿಡುವವಳೇ! ಸಂತಾನಹರಣ ಚಿಕಿತ್ಸೆಯ ಶಿಬಿರಕ್ಕೆ ಮನೆಮನೆಗೂ ಜೀಪು ಕಳುಹಿಸುವ ಸರ್ಕಾರ, ಹೆತ್ತ ಹೆಂಗಸಿನ ಮೈ ಮರಳಿ ನೆಟ್ಟಗಾಯಿತೇ ಎಂದು ಕೇಳಲು ಒಂದು ಸೈಕಲ್ಲನ್ನಾದರೂ ಕಳುಹಿಸಿತ್ತೇ ಎಂದು ಕೇಳಿದೆ. ಆಸ್ಪತ್ರೆಯ ಗೋಡೆಯ ಮೇಲೆ ಅಷ್ಟೊಂದು ಕಾಯಿಲೆಗಳ ಹೆಸರು ಬರೆಸಿದ್ದೀರಿ, ಇದೊಂದರ ಹೆಸರು ಯಾಕಿಲ್ಲವೆಂದೆ. ಪದಕೋಶದವರನ್ನೂ ಎಳೆದು ತಂದೆ. ಕಾರಿಡಾರಿನಲ್ಲಿ ಜನ ಸೇರಿದರು. ಡಾಕ್ಟರು ಕೈಕಟ್ಟಿ ಪೂರ್ತಿ ಕೇಳಿ, “ಮುಗೀತಾ?” ಎಂದರು. “ಎಲ್ಲ ಸರಿ. ಈಗ ರಕ್ತ ಕೊಡೋರನ್ನ ಕರ್ಕೊಂಡು ಬಾ. ಭಾಷಣ ಬಾಟ್ಲಿಗೆ ಹಾಕೋಕಾಗಲ್ಲ.”

ಊರಿನಲ್ಲೇ ಇದ್ದ ಚಿಕ್ಕಪ್ಪನಿಗೆ ಹೇಳಿಕಳುಹಿಸಿದೆ. ಬಂದರು. ಸೂಜಿ ನೋಡಿದರು. ಎದೆಯ ಮೇಲೆ ಕೈಯಿಟ್ಟುಕೊಂಡರು. “ನಂಗೆ ಪ್ರೊಲ್ಯಾಪ್ಸ್ ಇದೆಯಲ್ಲಮ್ಮ!”

ಒಳಗಿನ ಹಾಸಿಗೆಯಿಂದ ದೊಡ್ಡಮ್ಮನ ದನಿ ಬಂತು: “ನಂಗೇನು ಮತ್ತೆ ನೆಗಡಿಯಾ?”

ವಾರ್ಡಿನಲ್ಲಿ ಮಲಗಿದ್ದ ಹೆಂಗಸರೆಲ್ಲ ನಕ್ಕರು. ರಕ್ತವನ್ನು ದೊಡ್ಡಪ್ಪ ಕೊಟ್ಟರು, ಅವರದೇ ಹೊಂದಿತು. ಗರ್ಭಕೋಶವನ್ನು ತೆಗೆದರು. ಎಚ್ಚರವಾದ ಮೇಲೆ ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ, “ಇನ್ನೇನೇನು ಜಾರದ ನೋಡುದ್ರಾ? ಎಲ್ಲಾನೂ ಒಂದೇ ಸಲ ಬಿಗುದ್ಬುಡಿ.”

ಮನೆಗೆ ಕಳುಹಿಸುವಾಗ ಡಾಕ್ಟರು ಒಂದೇ ಮಾತನ್ನು ಮೂರು ಸಲ ಹೇಳಿದರು: ತಿಂಗಳುಗಟ್ಟಲೆ ಭಾರ ಎತ್ತಕೂಡದು. ಒಂದು ಬಿಂದಿಗೆ ನೀರು ಕೂಡ.

ನಮ್ಮ ಬೀದಿಯಲ್ಲಿ ನಲ್ಲಿ ಇರುವುದು ಆ ತುದಿಗೆ. ಅಲ್ಲಿಂದ ಗಂಡಸರು ನೀರು ತಂದದ್ದನ್ನು ಯಾರೂ ಕಂಡಿಲ್ಲ. ಸೈಕಲ್ಲಿಗೆ ಕಟ್ಟಿಕೊಂಡು ಬಂದರೆ ಅದು ಬೇರೆ ಮಾತು. ನಾನು ಬಿಂದಿಗೆ ತೆಗೆದುಕೊಂಡು ಹೊರಟರೆ ದೊಡ್ಡಪ್ಪ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ದೊಡ್ಡಮ್ಮ ಜಗಲಿಯ ಕಂಬಕ್ಕೊರಗಿ ಕೂತಿದ್ದಳು. ನಲ್ಲಿಯ ಹತ್ತಿರ ಹೆಂಗಸರ ಸಾಲು ಆ ಮನುಷ್ಯನಿಗೆ ದಾರಿ ಬಿಡುವುದೋ ಬೇಡವೋ ತಿಳಿಯದೆ ಗಲಿಬಿಲಿಗೊಂಡಿತು. ತುಂಬಿದ ಬಿಂದಿಗೆಯನ್ನು ಅವರು ಹೆಗಲಿಗೇರಿಸಿದರು, ಅರ್ಧ ನೀರು ಬೆನ್ನಿಗೆ. ಟೀ ಅಂಗಡಿಯ ಬೆಂಚಿನಿಂದ ಒಬ್ಬ ಕೂಗಿದ:

“ಏನ್ ಮಾವ, ನೀರ್ಗೆ ಬಂದ್ಬುಟ್ಟಿದ್ದಯ್! ಸೀರೆ ಒಂದು ಕಮ್ಮಿ ಆಯ್ತು ಕಣ!”

ದೊಡ್ಡಪ್ಪ ನಡುಬೀದಿಯಲ್ಲಿ ನಿಂತರು. ತಿರುಗಿದರು.

“ನಮ್ಮವ್ಳಿಗೆ ಗರ್ಭಕೋಶ ಜಾರಿತ್ತು ಕಣ್ಲಾ” ಎಂದರು, ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ. “ಈ ನೀರ ಹೊತ್ತೂ ಹೊತ್ತೂ ಜಾರಿತ್ತು. ಆಪ್ರೇಸನ್ ಆಗದ. ಇನ್ ಮ್ಯಾಲೆ ನಾನೇ ಹೊರದು. ನಿಂಗೇನ್ಲಾ ಕಷ್ಟ?”

ಬೆಂಚಿನವನ ಟೀ ಲೋಟ ತುಟಿಗೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ನಾನು ದೊಡ್ಡಮ್ಮನ ಕಡೆ ನೋಡಲು ಹೆದರಿದೆ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ.

ಆಗ ಸಾಲಿನಲ್ಲಿದ್ದ ಎಳೆಯ ಬಾಣಂತಿಯೊಬ್ಬಳು, ಎದುರುಮನೆಗೆ ಹಿಂದಿನ ವರ್ಷವಷ್ಟೇ ಬಂದಿದ್ದ ಸೊಸೆ, ತುಂಬಿ ತುಳುಕುತ್ತಿದ್ದ ತನ್ನ ಬಿಂದಿಗೆಯನ್ನು ಅಲ್ಲೇ ಬಿಟ್ಟು ನಡೆದು ಬಂದಳು. ಯಾರನ್ನೂ ನೋಡದೆ ಜಗಲಿ ಹತ್ತಿ ದೊಡ್ಡಮ್ಮನ ಪಕ್ಕದಲ್ಲಿ ಕೂತಳು. ಬಾಗಿ ದೊಡ್ಡಮ್ಮನ ಕಿವಿಯಲ್ಲಿ ಏನೋ ಹೇಳಿದಳು. ದೊಡ್ಡಮ್ಮ ಸೆರಗು ತೆಗೆದಳು. ಆ ಹುಡುಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ದೊಡ್ಡಪ್ಪ ಅಷ್ಟರಲ್ಲಿ ಬಿಂದಿಗೆ ಇಳಿಸಿ, ಒದ್ದೆ ಬೆನ್ನು ಒರೆಸಿಕೊಳ್ಳುತ್ತಿದ್ದರು.

“ಏನೂಂದ್ರೆ” ಎಂದು ದೊಡ್ಡಮ್ಮ ಕೂಗಿದಳು. “ನಲ್ಲಿತಾವು ಇನ್ನೊಂದು ಬಿಂದ್ಗೆ ಅದ. ಅದ್ನೂ ತಕ್ಕ ಬನ್ನಿ.”

ಯಾರದೆಂದು ಕೇಳದೆ ಅವರು ಮತ್ತೆ ಹೊರಟರು.